ನಾಲ್ಕು ಮೀಟರ್ ಮೂವತ್ತೊಂದು

ಫಹಾಹೀಲಿನ ಮೂರನೇ ಮಹಡಿಯಲ್ಲಿ
ನಿನ್ನೆಯ ದೂಳುಗಾಳಿ ಬಿಟ್ಟುಹೋದ ಮರಳನ್ನು
ಕಿಟಕಿಯ ಸಂದಿಯಿಂದ ಗುಡಿಸುತ್ತೇನೆ.
ಹಿಟ್ಟಿನಷ್ಟು ನುಣುಪು. ಒಂದು ಮೊರದಷ್ಟು.
ಘಾಳೆಪ್ಪ ಮಾಸ್ತರರು ಇದ್ದಿದ್ದರೆ
"ಚೆಲ್ಲಬ್ಯಾಡ ರೆಬೆಕ್ಕಾ, ಪುಟ್ಟಿ ತಾ" ಅನ್ನುತ್ತಿದ್ದರು.

ನಮ್ಮ ಹುಮನಾಬಾದಿನ ಶಾಲೆಯ ಅಂಗಳ
ಬರೀ ಕೆಂಪು ಮೊರಂ. ಬಿದ್ದರೆ ಮೊಣಕಾಲು ವಾರಗಟ್ಟಲೆ ಮಾತಾಡುತ್ತಿತ್ತು.
ಮಾಂಜ್ರಾ ಹೊಳೆಯಿಂದ ಒಂದು ಟ್ರ್ಯಾಕ್ಟರ್ ಮರಳಿಗೆ
ಮಾಸ್ತರರು ಎರಡು ವರ್ಷ ಅರ್ಜಿ ಬರೆದರು,
ಕಡೆಗೆ ತಮ್ಮ ಸಂಬಳದ್ದೇ ಕೊಟ್ಟು ತರಿಸಿದರು.
ಅದರಲ್ಲೂ ಅರ್ಧ, ರಾತ್ರೋರಾತ್ರಿ,
ಯಾರದೋ ಮನೆಯ ಗಿಲಾವಿಗೆ ಹೋಯಿತು.
ಉಳಿದದ್ದರಲ್ಲಿ ನಾನು ಹಾರಿದೆ.

ಸುಣ್ಣ ಬಳಿದ ಹಲಗೆ. ಹದಿಮೂರು ಹೆಜ್ಜೆಯ ಓಟ.
ಹಲಗೆಗೆ ಎಡಗಾಲು ಬಡಿದ ಸದ್ದು,
ಅದಾದ ಮೇಲೆ ಯಾವ ಸದ್ದೂ ಇಲ್ಲದ ಒಂದು ಜಾಗ ಇದೆ.
ಅಲ್ಲಿಗೆ ಮನೆ, ಗಣಿತ, ಭಾನುವಾರದ ಪ್ರಾರ್ಥನೆ
ಯಾವುದೂ ಬರುವುದಿಲ್ಲ.
ಅಷ್ಟರಲ್ಲಿ ಮರಳು.
"ನಾಲ್ಕು ಮೀಟರ್ ಮೂವತ್ತೊಂದು!" ಮಾಸ್ತರರು ಕೂಗಿದರು,
ತಮ್ಮನ್ನೇ ನಂಬದೆ ಮತ್ತೊಮ್ಮೆ ಅಳೆದರು.
ಮೂವತ್ತೊಂದೇ.

ಗುಲ್ಬರ್ಗಕ್ಕೆ, ವಿಭಾಗ ಮಟ್ಟಕ್ಕೆ, ಕರೆ ಬಂತು.

ಇಲ್ಲಿ, ಮೂರು ಮಂಚದ ಈ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ನಾನು ಹೇಳಿದ್ದು ಇಷ್ಟೇ:
ಅಪ್ಪ ಕಳಿಸಲಿಲ್ಲ.
ಹೇಳುವುದು ಸುಲಭ. ಕೇಳಿದವರು ತಲೆಯಾಡಿಸುತ್ತಾರೆ,
ಎಲ್ಲರಿಗೂ ಅಂಥ ಒಬ್ಬ ಅಪ್ಪ ಗೊತ್ತು.
ಮರಿವಿಕ್ ಅಂತೂ ಚಹಾ ಮಾಡಿಕೊಟ್ಟು
ತನ್ನ ಭಾಷೆಯಲ್ಲಿ ನನ್ನಪ್ಪನನ್ನು ಬೈದಳು.

ನನ್ನಪ್ಪ ಇಮಾನುವೇಲಪ್ಪ
ಬೀದರಿಗೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತಂದಿದ್ದ.
ಒಂದು ನಂಬರು ದೊಡ್ಡದು; ತುದಿಗೆ ಅರಳೆ ತುರುಕಿದ್ದ.
ಆ ದಿನ ನಸುಕಿನ ನಾಲ್ಕಕ್ಕೆ ಎದ್ದು
ನೀರು ಕಾಯಿಸಿ, ಬುತ್ತಿ ಕಟ್ಟಿಸಿ,
ಬಾಗಿಲಲ್ಲಿ ನಿಂತು ಕರೆದ: "ಬೆಕ್ಕವ್ವಾ, ಬಸ್ಸು."

ಎಚ್ಚರವೇ ಇತ್ತು ನನಗೆ.
ಬಸ್ಸು ಹಾರ್ನು ಹಾಕಿತು, ತುಸು ಕಾದಿತು;
ಒಳಗೆ ಮಾಸ್ತರರಿದ್ದರು.
ಹೊಟ್ಟೆನೋವು ಅಂದೆ. ನೋವಿರಲಿಲ್ಲ.
ಏನಿತ್ತು ಹಾಗಾದರೆ?
ನಾಲ್ಕು ಮೀಟರ್ ಅರವತ್ತು ಹಾರುವವಳು
ಗುಲ್ಬರ್ಗದಲ್ಲಿ ಯಾರಾದರೂ ಇರಬಹುದಿತ್ತು.
ಇಲ್ಲದೆಯೂ ಇರಬಹುದಿತ್ತು; ಹೆದರಿಕೆ ಅದರದೇ ಹೆಚ್ಚು.
ಅಥವಾ ಕೌದಿಯೊಳಗೆ ಬೆಚ್ಚಗಿತ್ತು. ಅಷ್ಟೇ ಇರಬೇಕು.
ಕಾಯಿಸಿದ ನೀರಲ್ಲಿ ಅಪ್ಪ ತಾನೇ ಸ್ನಾನ ಮಾಡಿದ.
ಏನೂ ಅನ್ನಲಿಲ್ಲ. ಸಾಯುವ ತನಕ.

ಹೆರಿಗೆ ವಾರ್ಡಿನಲ್ಲಿ ಈಗ ನನ್ನ ಕೆಲಸ ಅಳೆಯುವುದು.
ಮುದುಡಿದ ಕಾಲನ್ನು ಮೆಲ್ಲಗೆ ನೀಡಿಸಿ
ನಲವತ್ತೊಂಬತ್ತು, ಐವತ್ತೊಂದು ಎಂದು ಬರೆಯುತ್ತೇನೆ.
ಕೆಲವು ಕೂಸುಗಳು ಒದೆಯುವ ಜೋರಿಗೆ
"ಎಲ್ಲಿಗವ್ವಾ?" ಎಂದು ಕನ್ನಡದಲ್ಲೇ ಕೇಳಿಬಿಡುತ್ತೇನೆ.
ಕುವೈತಿ ತಾಯಿ ಅದನ್ನು ಹರಕೆಯೆಂದು ತಿಳಿದು
ಆಮೀನ್ ಅನ್ನುತ್ತಾಳೆ.

ಕಳೆದ ಶುಕ್ರವಾರ ವಾರ್ಡಿನವರೆಲ್ಲ ಮುತ್ಲಾದ ಆಚೆ
ಚಳಿಗಾಲದ ಡೇರೆಗಳ ಬಯಲಿಗೆ ಹೋಗಿದ್ದೆವು.
ಕಣ್ಣು ಹಾಯುವ ತನಕ ಮರಳು; ಯಾರಿಗೂ ಅರ್ಜಿ ಬೇಕಿಲ್ಲ.
ಯಾರೂ ನೋಡದಾಗ (ಮರಿವಿಕ್ ನೋಡುತ್ತಿದ್ದಳು)
ಚಪ್ಪಲಿ ಬಿಟ್ಟೆ. ಹದಿಮೂರು ಹೆಜ್ಜೆ ಎಣಿಸಿ ಹಿಂದೆ ನಡೆದೆ.
ನಲವತ್ತೇಳರ ಮೊಣಕಾಲು, ಕುಸಿಯುವ ನೆಲ, ಹಲಗೆಯಿಲ್ಲ.
ಹಾರಿದೆ.
ಸದ್ದಿಲ್ಲದ ಆ ಜಾಗ ಅಲ್ಲೇ ಇತ್ತು,
ಬಲು ಇಕ್ಕಟ್ಟಾಗಿತ್ತು.
ಕುಂಡಿಯೂರಿ ಬಿದ್ದೆ. ಬಾಯಿತುಂಬ ಮರಳು.

ಕೈಚೀಲದಲ್ಲಿದ್ದ ಕೂಸಿನ ಟೇಪು ತೆಗೆದು
ಮರಿವಿಕ್ ಮಂಡಿಯೂರಿ ಅಳೆದಳು,
ಎರಡು ಸಲ ಪೂರಾ, ಮೇಲೆ ಎರಡು ಬೆರಳು.
"ನಾಲ್ಕು ಮಗುವಿನುದ್ದ!" ಎಂದು ನಕ್ಕಳು.
ಗಾಳಿ ಆಗಲೇ ಗುರುತಿನ ಅಂಚು ಸವರುತ್ತಿತ್ತು.
ಕೂತಲ್ಲಿಂದಲೇ ಹೇಳಿದೆ:
ಅಪ್ಪ ಬೂಟು ತಂದಿದ್ದ, ಮರಿವಿಕ್.
ಅವಳು ಟೇಪು ಸುತ್ತುವುದನ್ನು ನಿಲ್ಲಿಸಿದಳು.
ಒಂದು ನಂಬರು ದೊಡ್ಡದು.