ಮೇ ತಿಂಗಳ ಪುಟ

ಹನ್ನೆರಡು ಚಿತ್ರ ಬೇಕು, ಮನುಷ್ಯರಿರಬಾರದು.
ಕೋಥರೂಡಿನ ಪಾಂಗಾಳರ ಹೋಟೆಲಿನ ಕ್ಯಾಲೆಂಡರಿಗೆ
ಇದ್ದ ಕರಾರು ಅಷ್ಟೇ.
ಮುಂಗಡದಲ್ಲಿ ಪೆಟ್ರೋಲು, ಒಂದು ಹೊಸ ಫಿಲ್ಟರು.

ತಾಮ್ಹಿಣಿ ಘಾಟಿನಲ್ಲಿ ಜುಲೈ ಸಿಕ್ಕಿತು, ಆಗಸ್ಟೂ ಸಿಕ್ಕಿತು,
ಜಲಪಾತಕ್ಕೇನು ಬರ,
ತಿರುವಿಗೊಂದು.
ವಡಾಪಾವಿನವನ ಕೊಡೆ ಸರಿಸಲು ಹತ್ತು ರೂಪಾಯಿ ಕೊಟ್ಟೆ.
ಸೆಪ್ಟೆಂಬರಿಗೆ ಹಳದಿ ಸೋನಕಿ, ಡಿಸೆಂಬರಿಗೆ ಮಂಜು.

ಮೇ ಮಾತ್ರ ಉಳಿಯಿತು.
ಸುಟ್ಟ ಹುಲ್ಲು, ಬೋಳು ಗುಡ್ಡ, ಬಿಳಿಚಿದ ಆಕಾಶ:
ಯಾರು ನೋಡುತ್ತಾರೆ ಇಡ್ಲಿ ತಿನ್ನುತ್ತ?

ಮುಳಶಿಯ ಹಿನ್ನೀರಿನ ಮೇಲೆ, ಗುಡ್ಡದಂಚಿಗೆ
ಟ್ರೈಪಾಡ್ ಊರುತ್ತಿದ್ದೆ.
ಎಮ್ಮೆ ಹೊಡೆದುಕೊಂಡು ಬಂದಳು ಬಾಯಡಾಬಾಯಿ.
“ಆ ತುದಿ ಬೇಡಪ್ಪ, ನನ್ನ ಕಪ್ಪಿ ಜಾರಿಬಿದ್ದ ಜಾಗ ಅದು.”
ಬೋರ್ಡಿನಲ್ಲಿ ಅದಕ್ಕೆ ಸನ್‌ಸೆಟ್ ಪಾಯಿಂಟ್.
“ಇಲ್ಲಿ ನಿಲ್ಲು. ನೀರು ಇಳಿದಿದೆ, ಕಾಣುತ್ತದೆ.”

ಕಂಡಿತು. ಕೆಸರಿನಿಂದ ಎದ್ದ ಕಲ್ಲಿನ ಸಾಲು,
ಮೂರು ಮೆಟ್ಟಿಲು,
ಹತ್ತಿದರೆ ಏನೂ ಇಲ್ಲದ ಮೆಟ್ಟಿಲು.
ಮುತ್ತಜ್ಜನ ಮನೆ, ಅಂದಳು; ಅದರಾಚೆ ಕಣ.
ಅವಳು ಹುಟ್ಟುವ ಎಷ್ಟೋ ಮೊದಲೇ ಮುಳುಗಿದ್ದು.
ಆದರೂ ಬೀಸುಕಲ್ಲು ಎಲ್ಲಿತ್ತೆಂದು ಗೊತ್ತು ಅವಳಿಗೆ,
ತನ್ನ ಅಡುಗೆಮನೆಯ ಉಪ್ಪಿನ ಡಬ್ಬಿ ತೋರಿಸುವ ಹಾಗೆ
ಬೆರಳು ಚಾಚಿದಳು.

ಅದೇ ಬೆರಳು ಬಂದುಬಿಟ್ಟಿದೆ ಚಿತ್ರದ ಎಡಮೂಲೆಯಲ್ಲಿ.
ಉಗುರಲ್ಲಿ ಸಗಣಿ.

ಪಾಂಗಾಳರು ಕನ್ನಡಕ ಹಣೆಗೇರಿಸಿ ನೋಡಿದರು.
“ಲಾಯ್ಕುಂಟು ಮಾರಾಯ, ಆ ಕೈ ಒಂದು ತೆಗೆ.”

ತೆಗೆದೆ. ದುಡ್ಡು ಬಂತು.

ಮೊನ್ನೆ ಚಹಾಕ್ಕೆಂದು ಹೋದರೆ
ಗಲ್ಲಾಪೆಟ್ಟಿಗೆಯ ಹಿಂದೆ ತೂಗುತ್ತಿತ್ತು ಗೋಡೆಯಲ್ಲಿ.
ಏನದು, ಕಲ್ಲಾ? ಒಬ್ಬಾತ ಮಾಣಿಯನ್ನು ಕೇಳಿದ.
ಮಾಣಿ ಭುಜ ಹಾರಿಸಿ ಸಾಂಬಾರು ಬಡಿಸಿದ.

ಜೂನ್ ಹದಿನೆಂಟು.
ಪುಟ ತಿರುಗಿಸಲು ಯಾರಿಗೂ ನೆನಪಾಗಿಲ್ಲ.
ಹೊರಗೆ ಜೋರು ಮಳೆ;
ಅಲ್ಲಿ ಆಗಲೇ ಮೂರನೆಯ ಮೆಟ್ಟಿಲಿಗೆ ಬಂದಿರಬೇಕು ನೀರು.