ಹದಿನೇಳನೇ ಕೋಣೆಯ ಕೀಲಿ

ನಲವತ್ತೆರಡು ಮೆಟ್ಟಿಲು.
ನಾನು ಎಣಿಸಿದ್ದಲ್ಲ, ಕೊಟ್ರಮ್ಮ ಎಣಿಸಿದ್ದು,
ಏಳು ತಿಂಗಳ ಹೊಟ್ಟೆ ಹೊತ್ತು,
ಇಪ್ಪತ್ತೊಂದಕ್ಕೆ ನಿಂತು,
ನನ್ನ ನೆಲ ಒರೆಸುವ ಬಕೆಟ್ಟು ಬೋರಲು ಹಾಕಿ
ಅದರ ಮೇಲೆ ಕೂತು.
"ಅಕ್ಕಾ, ಇನ್ನರ್ಧ ಐತೆ" ಅಂದಳು.
ಮೆಟ್ಟಿಲದೋ, ಎಂ.ಎ.ದೋ,
ನಾನು ಕೇಳಲಿಲ್ಲ.

ಲಿಫ್ಟಿಗೆ ಅಂಟಿಸಿದ ಚೀಟಿ,
'ತಾತ್ಕಾಲಿಕವಾಗಿ ಸ್ಥಗಿತ',
ಹಳದಿಯಾಗಿ ಮೂಲೆ ಮಡಚಿಕೊಂಡಿದೆ.
ಅದರ ಹಿಂದೆ ಹಲ್ಲಿಯೊಂದು ಸಂಸಾರ ಹೂಡಿದೆ,
ಮೊಟ್ಟೆ, ಮರಿ, ಎಲ್ಲಾ ಅಲ್ಲೇ.
ಹಲ್ಲಿಗಾದರೂ ಜಾಗ ಸಿಕ್ಕಿತಲ್ಲ.

ಮೊನ್ನೆ ಅತಿಥಿ ಉಪನ್ಯಾಸಕಿ ಮುಬೀನಾ ಮೇಡಂ
ಚಿಲಕವಿಲ್ಲದ ಕಕ್ಕಸಿನ ಬಾಗಿಲಿಗೆ
ನನ್ನನ್ನೇ ಚಿಲಕ ಮಾಡಿ ನಿಲ್ಲಿಸಿ
ಎದೆಹಾಲು ಹಿಂಡಿ ಸಿಂಕಿಗೆ ಬಿಟ್ಟರು.
ಆಜಾದ್ ನಗರದಲ್ಲಿ ಅಜ್ಜಿಯ ತೊಡೆ ಮೇಲೆ
ಕೂಸು ಡಬ್ಬಿ ಹಾಲಿಗೆ ಮುಖ ತಿರುಗಿಸುವ ಹೊತ್ತು ಅದು.
ಕುಪ್ಪಸದ ಒದ್ದೆ ಕಾಣಬಾರದೆಂದು
ಮೈತುಂಬ ನೀರು ಚಿಮುಕಿಸಿಕೊಂಡು
"ನಲ್ಲಿ ಸಿಡೀತು ಅಂತ ಹೇಳ್ತೀನಿ" ಎಂದು ನಕ್ಕು
ತರಗತಿಗೆ ಹೋದರು.
ಅವತ್ತಿನ ಪಾಠ: ಸಾರ್ವಜನಿಕ ವೆಚ್ಚ.

ರುದ್ರೇಶಿಯದು ಬೇರೆಯೇ ಪಾಡು.
ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ,
ಇವನ ಎದೆಯ ಚೀಲದಲ್ಲಿ ಮಗು,
ಬೆನ್ನಿನ ಚೀಲದಲ್ಲಿ ಪಿಎಚ್.ಡಿ.
ಮಗು ಹೇತರೆ ಗಂಡಸು ಎಲ್ಲಿಗೆ ಹೋಗಬೇಕು?
ಹೆಂಗಸರ ಕೋಣೆಗೆ ಬಿಡೋದಿಲ್ಲ,
ಗಂಡಸರ ಕಡೆ ಮಲಗಿಸೋಕೆ ಒಂದು ಹಲಗೆ ಇಲ್ಲ.
ನೋಟೀಸ್ ಬೋರ್ಡಿನ ಕೆಳಗೆ, ತಣ್ಣನೆ ಕಲ್ಲಿನ ಮೇಲೆ,
ಕಾಲೆತ್ತಿ ಒರೆಸಿದ.
ಬಂದವರು ಮೂಗು ಮುಚ್ಚಿಕೊಂಡು
ಶುಲ್ಕ ಕಟ್ಟುವ ಕೊನೇ ದಿನಾಂಕ ಓದಿಕೊಂಡು ಹೋದರು.

ನನಗೊಂದು ಗೊತ್ತು, ಸಾಹೇಬರ ಪೈಕಿ ಯಾರಿಗೂ ಗೊತ್ತಿಲ್ಲ:
ಈ ಕಟ್ಟಡದಲ್ಲಿ ಮೊದಲು ತೊಟ್ಟಿಲಿತ್ತು.

ಆಗ ಗೋಡೆ ಇನ್ನೂ ಸುಣ್ಣ ಕಂಡಿರಲಿಲ್ಲ.
ತೋಳಹುಣಸೆಯ ಬಯಲಲ್ಲಿ ಕಂಬಗಳು
ನೆತ್ತಿಯ ಕಬ್ಬಿಣದ ಜುಟ್ಟು ಬಿಟ್ಟುಕೊಂಡು ನಿಂತಿದ್ದವು.
ಜಗಳೂರು ಕಡೆಯಿಂದ ಬಂದ ಹನ್ನೊಂದು ಹೆಂಗಸರು
ಗಾರೆ ಬಾಣಲಿ ಹೊತ್ತು ಹತ್ತುತ್ತಿದ್ದೆವು.
ಮೆಟ್ಟಿಲೆಲ್ಲಿ ಬಂತು, ಓರೆ ಹಲಗೆ.
ಫ್ಯಾನಿಗೆಂದು ಬಿಟ್ಟ ಕೊಕ್ಕೆಗೆ
ನನ್ನ ಹಸಿರು ಸೀರೆ ಕಟ್ಟಿ
ಪಾಲಾಕ್ಷಿಯನ್ನು ಮಲಗಿಸಿದ್ದೆ.
ಹೋಗುತ್ತಾ ಒಂದು ತೂಗು, ಬರುತ್ತಾ ಒಂದು ತೂಗು.
ಮೇಸ್ತ್ರಿಯೂ, ಬಾಯಲ್ಲಿ ಬೈಗುಳ ಇದ್ದ ಹಾಗೇ,
ಕೈ ಬಿಡುವಾದರೆ ತೂಗುತ್ತಿದ್ದ.

ಕಟ್ಟಡ ಮುಗಿಯಿತು. ಟೇಪು ಕತ್ತರಿಸಿದರು.
ತೊಟ್ಟಿಲು ಬಿಚ್ಚಿಕೊಂಡು ಹೊರಗೆ ಹೋದೆ.
ಕಸಬರಿಗೆ ಹಿಡಿದು ಒಳಗೆ ಬಂದೆ.

ಆ ಕೋಣೆ ಈಗ ಹದಿನೇಳು, ಕೆಳಗಿನ ಅಂತಸ್ತು.
ಮುರಿದ ಬೆಂಚು, ಹಳೇ ಉತ್ತರಪತ್ರಿಕೆಯ ಗಂಟು;
ಪಾಸಾದವರಿಗೂ ಫೇಲಾದವರಿಗೂ ಒಂದೇ ಧೂಳು.
ಫ್ಯಾನು ಇವತ್ತಿಗೂ ಬಂದಿಲ್ಲ.
ಕೊಕ್ಕೆ ಇದೆ.

ಶನಿವಾರ ಮಧ್ಯಾಹ್ನ ಯಾರನ್ನೂ ಕೇಳದೆ ತೆಗೆದೆ.
ರುದ್ರೇಶಿ ಬೆಂಚು ಎಳೆದ.
ಕಾಲು ಮುರಿದ ಮೇಜಿಗೆ ಗಂಟುಗಳನ್ನೇ ಕಾಲು ಕೊಟ್ಟ,
ಮಗು ಮಲಗಿಸುವ ಎತ್ತರಕ್ಕೆ.
ಮೇಡಂ ಒಂದು ಪರದೆ ತಂದರು, ಒಳಚಿಲಕ ತಂದರು.
ಕೊಟ್ರಮ್ಮನಿಗೆ ಕೆಲಸ ಹೇಳಲಿಲ್ಲ,
ಕೂರೋದು ಬಿಟ್ಟು.

ಸೋಮವಾರ ಗುಮಾಸ್ತ ನಾಗಭೂಷಣ
ರಿಜಿಸ್ಟರು ಹಿಡಿದು ಬಂದ.
"ಕೋಣೆಯ ಉಪಯೋಗ ಏನಂತ ಬರೀಲಿ, ದುರುಗಕ್ಕ?"
"ದಾಸ್ತಾನು ಅಂತಲೇ ಇರಲಿ ಬಿಡಿ, ಸ್ವಾಮಿ."
ಒಳಗೆ ಇಣುಕಿದ.
ಕೊಕ್ಕೆಯ ಕೆಳಗೆ ಯಾರದೋ ನಿದ್ದೆ.
ಅವನು ಬರೆದದ್ದೇನೋ, ನನಗೆ ಓದು ಬಾರದು.
ಪೆನ್ನಿನ ಮುಚ್ಚಳ ಮಾತ್ರ
ಸದ್ದಾಗದಂತೆ ಹಾಕಿದ.

ನನ್ನ ಗೊಂಚಲಲ್ಲಿ ಈಗ ಒಂದು ಕೀಲಿ ಕಮ್ಮಿ.
ಅದು ಬಾಗಿಲಲ್ಲೇ ಇರುತ್ತದೆ, ಒಳಗಡೆಗೆ.
ಕೊಟ್ರಮ್ಮನ ಪರೀಕ್ಷೆ ಮಾತ್ರ ಮೇಲಿನ ಮಹಡಿಯಲ್ಲೇ ಅಂತೆ,
ನಲವತ್ತೆರಡು ಹಾಗೇ ಇವೆ,
ಚೀಟಿ ಹಾಗೇ ಇದೆ,
ಹಲ್ಲಿ ಮರಿಗಳು ದೊಡ್ಡವಾಗಿವೆ.