ಕೊಸರು

ದಾರ್ ಎಸ್ ಸಲಾಮಿನಲ್ಲಿ ಹತ್ತಿದಾಗ ಕೋಣೆಗೆ ನಾವು ಮೂವರು.
ಮೇಲಿನ ಮಂಚದಲ್ಲಿ ಮಕಂಬಾಕೊದ ಮುದುಕಿ, ಹತ್ತಿದ್ದೇ ಗೊರಕೆ.
ಕೆಳಗೆ ನಾನು, ನನ್ನ ಹದಿನಾಲ್ಕು ಗಂಟು ಕಿತೆಂಗೆ ಬಟ್ಟೆ.
ಎದುರಿಗೆ ಆಕೆ. ಒಂದು ಕೈಚೀಲ. ಅಷ್ಟೇ.

ಕೇಳಿದೆ, ಕೇಳದಿದ್ದರೆ ನನಗೆ ತಿಂದದ್ದು ಅರಗದು:
ಎಲ್ಲಿಯವರೆಗೆ?
ಕಪಿರಿ ಮ್ಪೋಶಿ, ಅಂದಳು. ಜಾಂಬಿಯಾದಲ್ಲಿ
ಹಳಿ ಮುಗಿಯುವ ಊರು.
ಅಲ್ಲಿ ಯಾರಿದ್ದಾರೆ?
ಯಾರೂ ಇಲ್ಲ.
ಮತ್ತೆ?
ಇದೇ ಗಾಡಿ ತಿರುಗುತ್ತದಲ್ಲ, ಅದರಲ್ಲೇ ವಾಪಸು.

ಹೆಸರು ತುಂಪೆ. ಕಡಲ ದಂಡೆಯ ದೊಡ್ಡ ಹೋಟೆಲಿನಲ್ಲಿ
ಹತ್ತೊಂಬತ್ತು ವರ್ಷದಿಂದ ಇಸ್ತ್ರಿ.
ರಜೆಗೆ ಬಂದವರ ಹಾಸು, ರಜೆಗೆ ಬಂದವರ ದಿಂಬಿನ ಚೀಲ,
ಅವರ ಬೆವರು, ಅವರ ವೈನು, ಅವರ ಮಾವಿನ ರಸ.
"ರಜೆಯ ಯಾವ ಕಲೆ ಯಾವುದರಿಂದ ಹೋಗುತ್ತದೆ
ಎಲ್ಲ ಗೊತ್ತು ನನಗೆ.
ರಜೆಯೊಂದು ಗೊತ್ತಿರಲಿಲ್ಲ.
ಮನೆಯಲ್ಲಿ ಕೂತರೆ ನೆರೆಯವರು ಅಂಗಿ ತರುತ್ತಾರೆ,
ಊರಿಗೆ ಹೋದರೆ ತಮ್ಮ ಸಾಲ ಕೇಳುತ್ತಾನೆ.
ಓಡುವ ಗಾಡಿಗೆ ಯಾರು ಏನು ತಂದಾರು?"

ಬೋಗಿಯ ಹುಡುಗ ಕಲೂಬ ಹಾಸು ಎಸೆದು ಹೋದ,
ಸುಕ್ಕು ಸುಕ್ಕು, ಅಜ್ಜಿಯ ಮೊಣಕೈಯ ಹಾಗೆ.
ತುಂಪೆಯ ಕೈ ತಾನೇ ಎದ್ದಿತು ಮೂಲೆ ಮಡಿಸಲು.
ಎದ್ದ ಕೈಯನ್ನು ಗದರಿ, ತೊಡೆಯಡಿ ಇಟ್ಟುಕೊಂಡು
ಅದರ ಮೇಲೆಯೇ ಕೂತಳು.

ಸಂಜೆ, ಕಾಡಿನ ನಡುವೆ, ಜಿರಾಫೆ.
ಒಂದಲ್ಲ, ಆರೋ ಏಳೋ.
ಕಾರಿಡಾರಿನಲ್ಲಿ ಕಿಟಕಿಗೆಲ್ಲ ಮುಖ, ಮುಖಕ್ಕೆಲ್ಲ ಫೋನು.
ತುಂಪೆ ನೋಡಿ ನಾಲಿಗೆ ಲೊಚಗುಟ್ಟಿದಳು:
"ಪಾಪ, ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ಮೈಮೇಲಿಟ್ಟು
ಮರೆತು ಹೋಗಿದ್ದಾರೆ."

ಆಮೇಲೆ ಮ್ಲಿಂಬಾ.
ಗಾಡಿ ನಿಂತಿತು. ನಿಂತೇ ಇತ್ತು.
ಎಂಜಿನ್ನು ಕೆಟ್ಟಿದೆ ಅಂದರು, ಬೇರೆ ಬರುತ್ತಿದೆ ಅಂದರು,
ಬರುತ್ತಿದ್ದದ್ದೂ ಕೆಟ್ಟಿದೆ ಅಂದರು.
ಬೆಳಗಾಯಿತು. ಹಳಿಯ ಮೇಲೆ ಹುಡುಗರ ಚೆಂಡಾಟ ಶುರುವಾಯಿತು.
ಯಾರೋ ಇದ್ದಿಲು ಹೊತ್ತಿಸಿದರು, ಯಾರೋ ಮಗುವಿಗೆ ಸ್ನಾನ ಮಾಡಿಸಿದರು,
ಬಾಳೆಹಣ್ಣಿನವಳು ಒಂದಕ್ಕೆರಡು ಬೆಲೆ ಮಾಡಿ ಕಾಲು ಚಾಚಿದಳು.

ನಾನು ರೈಲ್ವೆಯ ಏಳು ತಲೆಮಾರು ಜಾಲಾಡಿದೆ.
ತುಂಡುಮಾದ ಅಡ್ಡೆಯಲ್ಲಿ ನನ್ನ ಗಂಡ,
ಅವನ ಬೆನ್ನಿಗೆ ಬಾಡಿಗೆಯ ಲಾರಿ,
ಲಾರಿಯ ಮೀಟರಿಗೆ ನನ್ನ ಲಾಭ,
ಗಂಟೆಗೊಂದು ಗಂಟು ಕರಗಿದಂತೆ ಕಾಣುತ್ತಿತ್ತು ಮಂಚದಡಿ.

ಹನ್ನೊಂದು ಗಂಟೆ.
ತುಂಪೆ ಕಿಟಕಿಗೆ ಗಲ್ಲ ಆನಿಸಿ ಬೆರಳು ಮಡಿಸುತ್ತಿದ್ದಳು.
ಏನು ಲೆಕ್ಕ? ರೇಗಿದೆ.
"ಟಿಕೆಟಿಗೆ ಕೊಟ್ಟದ್ದು ಅಷ್ಟೇ ದುಡ್ಡು," ಅಂದಳು ಮೆಲ್ಲಗೆ,
ಜೋರಾಗಿ ಅಂದರೆ ಯಾರಾದರೂ ವಾಪಸು ಕೇಳಿಯಾರು ಎಂಬಂತೆ.

ನಾನು ಮೊಳ ಹಾಕಿ ಬದುಕಿದವಳು.
ಅಳತೆ ಮುಗಿದ ಮೇಲೆ ನಾಲ್ಕು ಬೆರಳು ಮುಂದೆ ಸರಿಸಿ
ಕತ್ತರಿ ಇಡುತ್ತೇನೆ, ಕೊಸರು.
ಗಿರಾಕಿಯ ಕಣ್ಣು ಆಗ ಕತ್ತರಿಯ ಮೇಲಿರುತ್ತದೆ, ಉಸಿರು ಇರುವುದಿಲ್ಲ.
ಇಪ್ಪತ್ತು ವರ್ಷ ಕೊಟ್ಟಿದ್ದೇನೆ.
ನನಗೆ ಯಾರು ಕೊಟ್ಟಿದ್ದರು, ನೆನಪಾಗಲಿಲ್ಲ.

ಅವಳು ಬಾಳೆಹಣ್ಣು ಮುರಿದು ಅರ್ಧ ಚಾಚಿದಳು.
ತಿಂದೆ. ದುಬಾರಿ ಹಣ್ಣು. ಸಿಹಿಯಾಗಿಯೇ ಇತ್ತು.

ತುಂಡುಮಾದಲ್ಲಿ ಇಳಿದಾಗ ಇನ್ನೂ ಕತ್ತಲು, ಚಳಿ.
ಹದಿನಾಲ್ಕು ಗಂಟು ಎಣಿಸಿಕೊಂಡೆ, ಎರಡು ಸಲ.
ತುಂಪೆಯ ಕಿಟಕಿ ಮುಚ್ಚಿತ್ತು. ಮಲಗಿರಬೇಕು,
ಸುಕ್ಕು ಹಾಸಿನ ಮೇಲೆ, ಸುಕ್ಕಾಗುತ್ತಾ.

ಫೋನು ಬಂತು. ಎಲ್ಲಿದ್ದೀ?
ಬಾಯಿ ತೆರೆದೆ, ಇಳಿದೆ ಅನ್ನಲು.
ಇನ್ನೊಂದು ಗಂಟೆ ಆಗುತ್ತದಂತೆ, ಅಂದೆ.
ಗಂಡ ರೈಲ್ವೆಯ ಎಂಟನೆಯ ತಲೆಮಾರನ್ನೂ ಜಾಲಾಡಿದ.

ಗಂಟುಗಳ ಮೇಲೆ ಹತ್ತಿ ಕೂತೆ.
ಶುಂಠಿ ಚಹಾದವನು ಬಂದ.
ಕುಡಿದೆ, ಆರುವವರೆಗೂ ಕಾದು,
ಆರಿದ ಮೇಲೂ.